ನಾಲ್ಕನೇ ವರ್ಷಕ್ಕೆ ಸೇರಿದ ವಿದ್ಯಾರ್ಥಿನಿ: ಕರ್ನಾಟಕದ ಆನರ್ಸ್ ಪದವಿಯ ಒಂದು ಪ್ರಕರಣ ಅಧ್ಯಯನ

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ 2021-22ನೇ ಸಾಲಿನಲ್ಲಿ ಬಿ.ಎಸ್ಸಿ.ಗೆ ಸೇರಿ, 2024ರಲ್ಲಿ ಆರನೇ ಸೆಮಿಸ್ಟರ್ ಮುಗಿಸಿ, ಸಲಹೆ ಕೇಳಲು ನನ್ನ ಬಳಿ ಬಂದ ವಿದ್ಯಾರ್ಥಿನಿಯೊಬ್ಬಳ ಪ್ರಕರಣವಿದು. ಮೂರು ವರ್ಷದ ಪದವಿ ಪಡೆದು ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕೋ, ಅಥವಾ ನಾಲ್ಕನೇ ವರ್ಷವನ್ನೂ ಓದಿ ಆನರ್ಸ್ ಪದವಿ ಪಡೆಯಬೇಕೋ ಎಂಬ ಪ್ರಶ್ನೆ ಆಕೆಯ ಮುಂದಿತ್ತು. ಆಕೆ ಅದನ್ನು ಹೇಗೆ ಬಿಡಿಸಿಕೊಂಡಳು, ಸೇರಿದ ಮೇಲೆ ಆಕೆಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಆಕೆಯ ಹೆಸರು, ಊರು ಮತ್ತು ಕಾಲೇಜುಗಳ ಗುರುತನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಆಕೆಯ ವಿಷಯಗಳು ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ತಂದೆ ಎರಡು ಎಕರೆ ಖುಷ್ಕಿ ಜಮೀನಿನ ರೈತ, ತಾಯಿ ಅಂಗನವಾಡಿ ಸಹಾಯಕಿ. ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ ಪ್ರವರ್ಗ 2ಎ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಇಂಗ್ಲಿಷ್ ಪಠ್ಯಕ್ಕೆ ಒಗ್ಗಿಕೊಂಡವಳು. ಆರು ಸೆಮಿಸ್ಟರ್‌ಗಳ ಒಟ್ಟು ಅಂಕ ಶೇ. 76.4. ಕಾಲೇಜು ಉಪನ್ಯಾಸಕಿಯಾಗಬೇಕೆಂಬುದು ಆಕೆಯ ಗುರಿ. ಈ ಗುರಿ ಮೊದಲೇ ಸ್ಪಷ್ಟವಾಗಿದ್ದರಿಂದ ಪ್ರಕರಣದ ಅರ್ಧ ಗೊಂದಲ ತಪ್ಪಿತು. ಗುರಿಯೇ ಗೊತ್ತಿಲ್ಲದೆ ‘ಇನ್ನೊಂದು ವರ್ಷ ನೋಡೋಣ’ ಎಂದು ಸೇರಿದವರ ಕಥೆ ಬೇರೆಯೇ ಆಗುತ್ತದೆ.

ಎರಡು ನೀತಿಗಳ ನಡುವಿನ ತಂಡ

ಈ ವಿದ್ಯಾರ್ಥಿನಿ ಸೇರಿದ ವರ್ಷವೇ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಪದವಿ ತರಗತಿಗಳು ಆರಂಭವಾದವು. 2021ರ ಆಗಸ್ಟ್‌ನಲ್ಲಿ ಹೊರಟ ಸರ್ಕಾರಿ ಆದೇಶದೊಂದಿಗೆ, ಈ ನೀತಿಯನ್ನು ಉನ್ನತ ಶಿಕ್ಷಣದಲ್ಲಿ ಜಾರಿಗೆ ತಂದ ಮೊದಲ ರಾಜ್ಯ ಎಂಬ ಹೆಸರನ್ನು ಕರ್ನಾಟಕ ಪಡೆಯಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕು ವರ್ಷ ಪೂರೈಸಿದರೆ ಆನರ್ಸ್ ಎಂಬ ಮೆಟ್ಟಿಲುಗಳು ಬಂದವು. ಅದುವರೆಗೆ ಬಿ.ಎಸ್ಸಿ. ಎಂದರೆ ಮೂರು ಐಚ್ಛಿಕ ವಿಷಯಗಳೆಂಬ ರೂಢಿಯಿದ್ದ ಕಡೆ ಎರಡೇ ಮುಖ್ಯ ವಿಷಯಗಳು ಉಳಿದು, ಮೂರನೆಯದರ ಜಾಗದಲ್ಲಿ ಓಪನ್ ಎಲೆಕ್ಟಿವ್ (ಬೇರೆ ವಿಭಾಗಗಳಿಂದ ಆಯ್ದುಕೊಳ್ಳುವ ಪತ್ರಿಕೆ) ಮತ್ತು ಕೌಶಲ ಪತ್ರಿಕೆಗಳು ಕುಳಿತವು. ರಸಾಯನಶಾಸ್ತ್ರ ಕೈಬಿಟ್ಟುಹೋದದ್ದು ಈ ವಿದ್ಯಾರ್ಥಿನಿಗೆ ಮುಂದೆ ಸಣ್ಣ ತೊಡಕಾಗಿಯೂ ಪರಿಣಮಿಸಿತು.

ಆಕೆ ಐದನೇ ಸೆಮಿಸ್ಟರ್‌ನಲ್ಲಿದ್ದಾಗ ರಾಜ್ಯದ ದಿಕ್ಕು ಬದಲಾಯಿತು. ರಾಜ್ಯ ಶಿಕ್ಷಣ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ಆಯೋಗ ನೇಮಕವಾಯಿತು. ಅದರ ಮಧ್ಯಂತರ ವರದಿಯ ಬೆನ್ನಿಗೇ 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ವ್ಯವಸ್ಥೆಯನ್ನು ಕೈಬಿಟ್ಟು, 2024-25ರಿಂದ ಸೇರುವವರಿಗೆ ಮೂರು ವರ್ಷದ ಪದವಿಯನ್ನೇ ಮರಳಿ ತಂದಿತು. ಅದಕ್ಕೂ ಮೊದಲು ಸೇರಿದ್ದ ತಂಡಗಳು ಹಳೆಯ ಪಠ್ಯಕ್ರಮದಲ್ಲೇ ಮುಂದುವರಿದವು. ಹೀಗಾಗಿ ಆಕೆಯ ತಂಡ ನಾಲ್ಕನೇ ವರ್ಷ ಓದುವ ಮೊದಲ ತಂಡವೂ ಆಯಿತು, ಬೆರಳೆಣಿಕೆಯ ಕೊನೆಯ ತಂಡಗಳಲ್ಲೊಂದೂ ಆಯಿತು. ಇಂಥದ್ದು ದೇಶದಲ್ಲಿ ಹೊಸತೇನಲ್ಲ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿ, 2014ರ ಜೂನ್‌ನಲ್ಲಿ ಹಿಂತೆಗೆದುಕೊಂಡು, 2022ರಲ್ಲಿ ಮತ್ತೆ ಆ ದಾರಿಗೆ ಬಂದಿತ್ತು.

ಮನೆಯಲ್ಲಿ ಈ ಸುದ್ದಿ ಮುಟ್ಟಿದ್ದು ಬೇರೆ ರೂಪದಲ್ಲಿ. ‘ಸರ್ಕಾರವೇ ತೆಗೆದುಹಾಕಿದ ಕೋರ್ಸಿಗೆ ಯಾಕಮ್ಮ ಸೇರ್ತೀಯ? ನಾಳೆ ಆ ಡಿಗ್ರಿ ನಡೆಯೋದಿಲ್ಲ ಅಂದ್ರೆ?’ ಎಂಬುದು ತಂದೆಯ ಪ್ರಶ್ನೆ. ಅದು ತಳ್ಳಿಹಾಕುವಂಥ ಪ್ರಶ್ನೆಯಾಗಿರಲಿಲ್ಲ. ಆದರೆ ರಾಜ್ಯ ತನ್ನ ಮುಂದಿನ ತಂಡಗಳಿಗೆ ಕೋರ್ಸನ್ನು ನಿಲ್ಲಿಸುವುದು ಬೇರೆ, ಈಗಾಗಲೇ ಸೇರಿದವರಿಗೆ ವಿಶ್ವವಿದ್ಯಾಲಯ ಕೊಡುವ ಪದವಿಯ ಮಾನ್ಯತೆ ಬೇರೆ. ಆನರ್ಸ್ ಪದವಿಯ ಚೌಕಟ್ಟು ವಿಶ್ವವಿದ್ಯಾಲಯ ಅನುದಾನ ಆಯೋಗದ್ದು (ಯುಜಿಸಿ). 2022ರ ಡಿಸೆಂಬರ್‌ನಲ್ಲಿ ಪ್ರಕಟವಾದ ಆ ಚೌಕಟ್ಟು ಮೂರು ವರ್ಷಕ್ಕೆ 120 ಕ್ರೆಡಿಟ್ (ಕಲಿಕೆಯ ಪ್ರಮಾಣವನ್ನು ಅಳೆಯುವ ಮಾನ), ನಾಲ್ಕು ವರ್ಷಕ್ಕೆ 160 ಕ್ರೆಡಿಟ್ ಎಂದು ಹೇಳುತ್ತದೆ. ರಾಜ್ಯದ ನೀತಿ ಬದಲಾದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ತಂದೆಗೆ ಇದನ್ನು ವಿವರಿಸಿ ಹೇಳಿದ ಮೇಲೆ ಅವರ ಆಕ್ಷೇಪ ಖರ್ಚಿನ ಕಡೆಗೆ ತಿರುಗಿತು. ಅದಕ್ಕೆ ಉತ್ತರ ಕೊಡುವುದು ಹೆಚ್ಚು ಕಷ್ಟವಾಗಿತ್ತು.

ಎರಡು ಎಪ್ಪತ್ತೈದುಗಳು

ನಾಲ್ಕನೇ ವರ್ಷದ ಬಗ್ಗೆ ವಿದ್ಯಾರ್ಥಿಗಳಲ್ಲಿ ಹರಡಿದ್ದ ಮಾತು ಒಂದೇ: ‘ಆನರ್ಸ್ ಮಾಡಿದರೆ ಎಂ.ಎಸ್ಸಿ. ಇಲ್ಲದೆ ನೇರವಾಗಿ ಪಿಎಚ್.ಡಿ. ಮಾಡಬಹುದು.’ ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಇದರೊಳಗೆ ಶೇ. 75ರ ಎರಡು ಪ್ರತ್ಯೇಕ ಗೆರೆಗಳಿದ್ದವು. ಆಕೆಯ ತರಗತಿಯಲ್ಲಿ ಬಹುತೇಕರು ಅವೆರಡನ್ನೂ ಒಂದೇ ಎಂದುಕೊಂಡಿದ್ದರು.

ಮೊದಲನೆಯದು ನಾಲ್ಕನೇ ವರ್ಷದ ಬಾಗಿಲಲ್ಲಿದೆ. ಯುಜಿಸಿಯ ಚೌಕಟ್ಟಿನಲ್ಲಿ ನಾಲ್ಕನೇ ವರ್ಷಕ್ಕೆ ಎರಡು ಕವಲುಗಳಿವೆ. ಒಂದು ಬರಿಯ ಆನರ್ಸ್, ಇನ್ನೊಂದು ಸಂಶೋಧನೆ ಸಹಿತ ಆನರ್ಸ್. ಎರಡನೆಯದನ್ನು ಆರಿಸಿಕೊಳ್ಳಲು ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಇರಬೇಕು. ಅವರು ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧ ಸಿದ್ಧಪಡಿಸುತ್ತಾರೆ. ಉಳಿದವರು ಅದರ ಬದಲಿಗೆ 12 ಕ್ರೆಡಿಟ್‌ಗಳ ಮೂರು ಪತ್ರಿಕೆಗಳನ್ನು ಓದುತ್ತಾರೆ. ಎರಡನೆಯ ಗೆರೆ ಪಿಎಚ್.ಡಿ.ಯ ಬಾಗಿಲಲ್ಲಿದೆ. 2022ರ ನವೆಂಬರ್‌ನಲ್ಲಿ ಬಂದ ಪಿಎಚ್.ಡಿ. ನಿಯಮಾವಳಿಯ ಪ್ರಕಾರ, ನಾಲ್ಕು ವರ್ಷದ ಪದವಿಯ ಮೇಲೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಬೇಕಾದರೆ ಎಂಟೂ ಸೆಮಿಸ್ಟರ್‌ಗಳ ಒಟ್ಟು ಅಂಕ ಶೇ. 75 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ (ಒಬಿಸಿ) ಮೊದಲಾದವರಿಗೆ ಶೇ. 5ರ ವಿನಾಯಿತಿಯಿದೆ.

76.4 ಇರುವ ವಿದ್ಯಾರ್ಥಿನಿ ಮೊದಲ ಬಾಗಿಲು ದಾಟುತ್ತಾಳೆ. ಎರಡನೆಯದನ್ನೂ ದಾಟುವ ಖಾತರಿ ಮಾತ್ರ ಆಕೆಗಿರಲಿಲ್ಲ. ನಾಲ್ಕನೇ ವರ್ಷದ ಪತ್ರಿಕೆಗಳು ಸ್ನಾತಕೋತ್ತರ ಮಟ್ಟಕ್ಕೆ ಹತ್ತಿರವಿರುವುದರಿಂದ ಅಂಕ ಇಳಿಯುವ ಸಾಧ್ಯತೆಯೇ ಹೆಚ್ಚು. ಆ ವರ್ಷ ಆಕೆ ಶೇ. 70ರ ಆಸುಪಾಸಿನಲ್ಲಿ ನಿಂತರೂ ಒಟ್ಟು ಸರಾಸರಿ 75ರ ಕೆಳಗೆ ಜಾರುತ್ತದೆ. ಕಾಗದದ ಮೇಲೆ ಕೂಡಿ ಕಳೆದು ನೋಡಿದಾಗಲೇ ಇದು ಕಂಡಿತು. ಆಗ ವಿನಾಯಿತಿಯ ಪ್ರಶ್ನೆ ಬಂತು. ಆಕೆಯ ಬಳಿ ಇದ್ದದ್ದು ರಾಜ್ಯದ ಪ್ರವರ್ಗ 2ಎ ಜಾತಿ ಮತ್ತು ಆದಾಯ ಪ್ರಮಾಣಪತ್ರ. ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಕೇಳುವುದು ಕೇಂದ್ರದ ಪಟ್ಟಿಗೆ ಅನುಗುಣವಾದ ಒಬಿಸಿ ಪ್ರಮಾಣಪತ್ರ. ಅದರ ನಮೂನೆಯೂ ಬೇರೆ, ಪಟ್ಟಿಯೂ ಬೇರೆ. ಒಂದರಲ್ಲಿರುವ ಜಾತಿ ಇನ್ನೊಂದರಲ್ಲಿ ಇದ್ದೇ ಇರುತ್ತದೆಂದು ಹೇಳಲಾಗದು. ಆಕೆಯ ಜಾತಿ ಎರಡರಲ್ಲೂ ಇತ್ತು. ಪ್ರವೇಶಾತಿಯ ಗಡಿಬಿಡಿ ಆರಂಭವಾಗುವ ಮೊದಲೇ ಅರ್ಜಿ ಕೊಟ್ಟು ಅದನ್ನು ತಹಶೀಲ್ದಾರರಿಂದ ಪಡೆದಿಟ್ಟುಕೊಂಡಳು. ಇಡೀ ಪ್ರಕರಣದಲ್ಲಿ ಇದಕ್ಕಿಂತ ನೀರಸವಾದ ಕೆಲಸ ಮತ್ತೊಂದಿರಲಿಲ್ಲ, ಇದಕ್ಕಿಂತ ಉಪಯೋಗಕ್ಕೆ ಬಂದದ್ದೂ ಮತ್ತೊಂದಿಲ್ಲ.

ಇನ್ನು ಉಪನ್ಯಾಸಕಿಯಾಗುವ ಗುರಿ. ಉಪನ್ಯಾಸಕ ಹುದ್ದೆಗೂ ಸಂಶೋಧನೆಗೂ ಅರ್ಹತೆ ನಿರ್ಧರಿಸುವ ರಾಷ್ಟ್ರೀಯ ಪರೀಕ್ಷೆಯಾದ ಯುಜಿಸಿ ನೆಟ್ ಅನ್ನು ನಾಲ್ಕು ವರ್ಷದ ಪದವೀಧರರೂ ಬರೆಯಬಹುದೆಂದು 2024ರಲ್ಲಿ ಯುಜಿಸಿ ಪ್ರಕಟಿಸಿದಾಗ ಹಲವರು ಅದನ್ನು ಉಪನ್ಯಾಸಕ ಹುದ್ದೆಯ ಅರ್ಹತೆಯೆಂದೇ ಓದಿಕೊಂಡರು. ಅದು ಸಂಶೋಧನೆಯ ದಾರಿಗೆ ಸಂಬಂಧಿಸಿದ್ದೇ ಹೊರತು ಸಹಾಯಕ ಪ್ರಾಧ್ಯಾಪಕ ಹುದ್ದೆಗಲ್ಲ. ಆ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕು. ಅದೂ ಅಲ್ಲದೆ ಸಸ್ಯಶಾಸ್ತ್ರದವರು ಬರೆಯುವುದು ವಿಜ್ಞಾನ ವಿಷಯಗಳಿಗಾಗಿ ಬೇರೆಯಾಗಿ ನಡೆಯುವ ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆಯನ್ನು. ಅದರ ಅಧಿಸೂಚನೆಯನ್ನು ಬೇರೆಯಾಗಿಯೇ ಓದಬೇಕು. ಎಂದರೆ ಈ ವಿದ್ಯಾರ್ಥಿನಿ ಆನರ್ಸ್ ಮಾಡಿದರೂ ಎಂ.ಎಸ್ಸಿ. ತಪ್ಪುವಂತಿರಲಿಲ್ಲ. ನಾಲ್ಕು ವರ್ಷದವರಿಗೆ ಒಂದೇ ವರ್ಷದ ಎಂ.ಎಸ್ಸಿ. ಕೊಡಬಹುದೆಂದು ರಾಷ್ಟ್ರೀಯ ಶಿಕ್ಷಣ ನೀತಿಯೂ, 2024ರ ಜೂನ್‌ನಲ್ಲಿ ಬಂದ ಸ್ನಾತಕೋತ್ತರ ಚೌಕಟ್ಟೂ ಹೇಳುತ್ತವೆ. ಆದರೆ ಆ ಕೋರ್ಸನ್ನು ತೆರೆಯುವುದು ಬಿಡುವುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಪ್ರವೇಶ ಪಡೆಯುವ ಹೊತ್ತಿಗೆ ಈ ಪ್ರಶ್ನೆಗೆ ಆಕೆಯ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ದೊರೆತಿರಲಿಲ್ಲ. ಮೌಖಿಕವಾಗಿ ‘ಆಗುತ್ತದೆ’ ಎಂದಿದ್ದರು. ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಾನು ಹೇಳಿದೆ, ಆಕೆ ಹಿಡಿಯಲಿಲ್ಲ.

ಬಿ.ಇಡಿ. ಮಾಡುವವರಿಗೆ, ಕೆಪಿಎಸ್‌ಸಿ ಅಥವಾ ಬ್ಯಾಂಕ್ ಪರೀಕ್ಷೆಗಳಿಗೆ ಸಿದ್ಧರಾಗುವವರಿಗೆ ಈ ಚರ್ಚೆಯೇ ಬೇಡ. ಅವುಗಳಿಗೆ ಮೂರು ವರ್ಷದ ಪದವಿ ಸಾಕು.

ಗೈಡ್ ಯಾರು?

ಅಂಕ, ನಿಯಮ, ಪ್ರಮಾಣಪತ್ರಗಳ ಲೆಕ್ಕ ಮುಗಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಅದೇ ನಿರ್ಣಾಯಕವಾದದ್ದು: ಆ ವರ್ಷ ಕಲಿಸುವವರು ಯಾರು, ಪ್ರಬಂಧಕ್ಕೆ ಮಾರ್ಗದರ್ಶಕರು ಯಾರು?

ಆಕೆಯ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಒಬ್ಬರೇ ಕಾಯಂ ಅಧ್ಯಾಪಕರಿದ್ದರು, ಉಳಿದವರು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆಯೇ ನಡೆಯುತ್ತಿವೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿದಾಗ ಪಾಠಗಳು ನಿಂತದ್ದನ್ನು ಈ ವಿದ್ಯಾರ್ಥಿನಿ ಕಂಡಿದ್ದಳು. ಅವರಲ್ಲಿ ಪಿಎಚ್.ಡಿ. ಮಾಡಿದವರೂ, ಚೆನ್ನಾಗಿ ಕಲಿಸುವವರೂ ಇದ್ದಾರೆ. ಆಕೆಗೆ ಪ್ರಯೋಗಾಲಯದಲ್ಲಿ ಕೈಹಿಡಿದು ಕಲಿಸಿದವರು ಅಂಥವರೇ. ಆದರೆ ಮುಂದಿನ ಸೆಮಿಸ್ಟರ್‌ಗೆ ಅದೇ ಕಾಲೇಜಿನಲ್ಲಿರುತ್ತಾರೋ ಇಲ್ಲವೋ ಎಂಬುದು ಅವರಿಗೇ ತಿಳಿಯದಿರುವಾಗ, ಇಡೀ ವರ್ಷದ ಪ್ರಬಂಧಕ್ಕೆ ಅವರನ್ನು ಹೊಣೆ ಮಾಡುವುದು ಇಬ್ಬರಿಗೂ ನ್ಯಾಯವಲ್ಲ. ಸಾಲದೆಂಬಂತೆ ಆ ಕಾಲೇಜಿನಲ್ಲಿ ನಾಲ್ಕನೇ ವರ್ಷಕ್ಕೆ ಹೆಸರು ಕೊಟ್ಟವರು ಇಬ್ಬರೇ ಆದದ್ದರಿಂದ ತರಗತಿ ತೆರೆಯುವುದೇ ಅನುಮಾನವಿತ್ತು.

ಆಕೆ ಜಿಲ್ಲಾ ಕೇಂದ್ರದ ಕಾಲೇಜೊಂದಕ್ಕೆ ಹೋಗಿ ವಿಭಾಗ ಮುಖ್ಯಸ್ಥರನ್ನು ಕಂಡಳು. ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದಳು. ಸಂಶೋಧನೆ ಸಹಿತ ಕವಲು ಇಲ್ಲಿದೆಯೇ, ಎಷ್ಟು ಮಂದಿ ಸೇರುತ್ತಿದ್ದಾರೆ, ಗೈಡ್ ಆಗುವವರು ಯಾವ ಕ್ಷೇತ್ರದವರು, ಅವರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ರಾಸಾಯನಿಕ ಮತ್ತು ಗಾಜಿನ ಸಾಮಗ್ರಿಯ ಖರ್ಚು ಯಾರದು, ಕಾಲೇಜಿಗೆ ಎನ್-ಲಿಸ್ಟ್ ಸದಸ್ಯತ್ವವಿದೆಯೇ. ಕೊನೆಯ ಪ್ರಶ್ನೆಗೆ ಮುಖ್ಯಸ್ಥರು ನಕ್ಕು, ‘ಇದೆ, ಆದರೆ ಲಾಗಿನ್ ಕೇಳಿಕೊಂಡು ಬಂದ ಮೊದಲ ವಿದ್ಯಾರ್ಥಿನಿ ನೀನೇ ಕಣಮ್ಮ’ ಎಂದರಂತೆ. ಇನ್‌ಫ್ಲಿಬ್‌ನೆಟ್ ಸಂಸ್ಥೆ ಕಾಲೇಜುಗಳಿಗೆ ವಿದ್ಯುನ್ಮಾನ ನಿಯತಕಾಲಿಕೆಗಳನ್ನು ಒದಗಿಸುವ ವ್ಯವಸ್ಥೆಯೇ ಎನ್-ಲಿಸ್ಟ್. ಹಣ ಕಟ್ಟಿಯೂ ಬಳಸದೆ ಬಿಟ್ಟಿರುವ ಕಾಲೇಜುಗಳು ಕಡಿಮೆಯೇನಿಲ್ಲ.

ಜಲಸಸ್ಯಗಳ ಮೇಲೆ ಪಿಎಚ್.ಡಿ. ಮಾಡಿದ ಸಹ ಪ್ರಾಧ್ಯಾಪಕರೊಬ್ಬರು ಅಲ್ಲಿದ್ದರು. ನಿರ್ಧಾರ ಅಲ್ಲಿಗೆ ಆಯಿತು. ಖರ್ಚಿನ ವಿಷಯದಲ್ಲಿ ಶಕ್ತಿ ಯೋಜನೆ ನೆರವಿಗೆ ಬಂತು. 2023ರ ಜೂನ್‌ನಿಂದ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಕಾರಣ, ಹಾಸ್ಟೆಲ್ ಸಿಗದಿದ್ದರೂ ಮನೆಯಿಂದ ಓಡಾಡಲು ಸಾಧ್ಯವಾಯಿತು. ಹೋಗಿಬರುವುದಕ್ಕೆ ದಿನಕ್ಕೆ ಮೂರು ತಾಸು. ಬಸ್ಸಿನಲ್ಲಿ ಓದಲಾಗದು, ನಿಂತೇ ಪ್ರಯಾಣ. ಇದನ್ನು ಯಾರೂ ಖರ್ಚಿನ ಪಟ್ಟಿಗೆ ಸೇರಿಸುವುದಿಲ್ಲ.

ಏಳನೇ ಮತ್ತು ಎಂಟನೇ ಸೆಮಿಸ್ಟರ್

ತರಗತಿಯಲ್ಲಿ ಏಳು ಮಂದಿ. ಎಂಬತ್ತು ಜನರ ನಡುವೆ ಹಿಂದಿನ ಬೆಂಚಿನಲ್ಲಿ ಕುಳಿತು ಮೂರು ವರ್ಷ ಕಳೆದವಳಿಗೆ ಈ ಸಣ್ಣ ಕೋಣೆ ಆರಂಭದಲ್ಲಿ ಹಿಂಸೆಯೇ ಆಗಿತ್ತು. ಪ್ರಶ್ನೆ ಬಂದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ವಾರಕ್ಕೊಬ್ಬರು ಸೆಮಿನಾರ್ ಕೊಡಲೇಬೇಕು, ನೋಟ್ಸ್ ಬರೆಸುವವರಿಲ್ಲ. ಹಿಂದೆ ‘ಇಂಪಾರ್ಟೆಂಟ್’ ಪ್ರಶ್ನೆಗಳನ್ನು ಗುರುತು ಹಾಕಿಕೊಂಡು ಬರೆದು ಅಂಕ ತೆಗೆದ ವಿಧಾನ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಮೊದಲ ಆಂತರಿಕ ಪರೀಕ್ಷೆಯ ಅಂಕ ನೋಡಿ ಆಕೆ ಬಿಟ್ಟುಹೋಗುವ ಮಾತಾಡಿದಳು. ಜೀವರಸಾಯನಶಾಸ್ತ್ರದ ಭಾಗದಲ್ಲಂತೂ ಮೂರು ವರ್ಷ ರಸಾಯನಶಾಸ್ತ್ರ ಮುಟ್ಟದ್ದರ ಪರಿಣಾಮ ಎದ್ದುಕಂಡಿತು. ಪಿಯುಸಿ ಪುಸ್ತಕ ತೆರೆದು ಮೊದಲಿನಿಂದ ಓದಬೇಕಾಯಿತು.

ಅತಿ ಕಷ್ಟವಾದದ್ದು ಸಂಶೋಧನಾ ಲೇಖನಗಳನ್ನು ಓದುವುದು. ಇಂಗ್ಲಿಷ್ ಪಠ್ಯಪುಸ್ತಕ ಓದಬಲ್ಲವಳಿಗೆ ಲೇಖನದ ಇಂಗ್ಲಿಷ್ ಬೇರೆಯೇ ಭಾಷೆಯಾಗಿ ಕಂಡಿತು. ಗೈಡ್ ಒಂದು ಉಪಾಯ ಹೇಳಿಕೊಟ್ಟರು: ಮೊದಲು ಕೋಷ್ಟಕ ಮತ್ತು ಚಿತ್ರಗಳನ್ನು ಮಾತ್ರ ನೋಡಿ, ಅವುಗಳಿಂದ ಏನು ತಿಳಿಯುತ್ತದೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು, ಅದಾದ ಮೇಲೆ ಲೇಖಕರು ಏನು ಹೇಳಿದ್ದಾರೆಂದು ಓದಿ ಹೋಲಿಸಬೇಕು. ಶೋಧಗಂಗಾ ಭಂಡಾರದಲ್ಲಿರುವ ಪಿಎಚ್.ಡಿ. ಪ್ರಬಂಧಗಳಲ್ಲಿ ತನ್ನ ವಿಷಯಕ್ಕೆ ಹತ್ತಿರವಾದವುಗಳ ವಿಧಾನದ ಅಧ್ಯಾಯವನ್ನಷ್ಟೇ ತೆಗೆದು ಓದುವ ಅಭ್ಯಾಸವೂ ಹೀಗೆಯೇ ಬಂತು.

ಪ್ರಬಂಧದ ವಿಷಯ: ಒಂದು ಊರಿನ ಕೆರೆಯಲ್ಲಿ ನೀರು ತುಂಬಿದ ಕಾಲದಿಂದ ಬೇಸಿಗೆಯಲ್ಲಿ ಇಳಿಯುವವರೆಗೆ ನೀರಿನ ಮತ್ತು ಅಂಚಿನ ಸಸ್ಯಗಳು ಹೇಗೆ ಬದಲಾಗುತ್ತವೆ ಎಂಬುದು. ವಿಷಯ ಚಿಕ್ಕದು, ಉಪಕರಣ ಅಗ್ಗದ್ದು, ಕೆರೆ ಆಕೆಯ ಮನೆಯಿಂದ ನಡೆದುಹೋಗುವಷ್ಟು ದೂರ. ಪದವಿಯ ಪ್ರಬಂಧಕ್ಕೆ ಇಂಥ ವಿಷಯವೇ ಸರಿ. ಯಂತ್ರಗಳಿಲ್ಲದ ಕಾಲೇಜಿನಲ್ಲಿ ಕುಳಿತು ಡಿಎನ್‌ಎ ಬಾರ್‌ಕೋಡಿಂಗ್ (ಡಿಎನ್‌ಎ ತುಣುಕಿನಿಂದ ಜಾತಿಯನ್ನು ಗುರುತಿಸುವ ವಿಧಾನ) ಮಾಡುತ್ತೇನೆಂದು ಹೊರಟ ಸಹಪಾಠಿಯೊಬ್ಬ, ಮಾದರಿಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವ ಹಣ ಹೊಂದಿಸುವುದರಲ್ಲೇ ಅರ್ಧ ವರ್ಷ ಕಳೆದ.

ಕೆರೆಯ ಅಂಚಿನಲ್ಲಿ ಒಂದು ಮೀಟರ್ ಉದ್ದಗಲದ ಚೌಕಟ್ಟುಗಳನ್ನು ಇಟ್ಟು, ಒಳಗೆ ಬರುವ ಪ್ರತಿ ಗಿಡವನ್ನೂ ಎಣಿಸಿ, ಅದೇ ಜಾಗಗಳಿಗೆ ಪ್ರತಿ ತಿಂಗಳು ಮರಳುವುದು ವಿಧಾನ. ನೀರಿನೊಳಗಿನ ಗಿಡಗಳನ್ನು ಒತ್ತಿ ಒಣಗಿಸುವುದನ್ನು ಆಕೆ ಹೊಸದಾಗಿ ಕಲಿಯಬೇಕಾಯಿತು. ನೆಲದ ಗಿಡದಂತೆ ಕಿತ್ತು ಪತ್ರಿಕೆಯ ನಡುವೆ ಇಟ್ಟರೆ ಅವು ಮುದ್ದೆಯಾಗುತ್ತವೆ. ತಟ್ಟೆಯಲ್ಲಿ ನೀರು ತುಂಬಿ, ಗಿಡವನ್ನು ತೇಲಬಿಟ್ಟು, ಅದರಡಿಗೆ ದಪ್ಪ ಹಾಳೆ ತೂರಿಸಿ, ಎಳೆಗಳು ಹರಡಿಕೊಂಡಂತೆಯೇ ನಿಧಾನವಾಗಿ ಮೇಲೆತ್ತಬೇಕು. ಸುತ್ತಲಿನ ವೃತ್ತಪತ್ರಿಕೆಯನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಮೊದಲ ಕಂತಿನ ಮಾದರಿಗಳು ಹಾಗೆಯೇ ಹಾಳಾದವು. ಗುರುತಿಸುವಿಕೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಾಲಯ) ಅಂತರ್ಜಾಲದಲ್ಲಿ ಒದಗಿಸಿರುವ ಸಸ್ಯ ದತ್ತಸಂಚಯವನ್ನು ಬಳಸಿದಳು. ಜೊಂಡು, ಅಂತರಗಂಗೆಗಳಂಥವು ಸುಲಭ. ತುಂಗೆಹುಲ್ಲಿನ ಜಾತಿಗಳನ್ನು ಬೇರ್ಪಡಿಸಲು ಹೂಗೊಂಚಲನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ನೋಡಬೇಕಾಗಿ ಬಂದು, ಅದಕ್ಕೇ ವಾರಗಳು ಹಿಡಿದವು.

ಮೊದಲ ಕರಡಿನಲ್ಲಿ ಆಕೆ ‘ಜನವರಿಯ ನಂತರ ಸಸ್ಯಗಳ ಸಂಖ್ಯೆ ಗಣನೀಯವಾಗಿ ಕಡಿಮೆಯಾಯಿತು’ ಎಂದು ಬರೆದಿದ್ದಳು. ಗೈಡ್ ಆ ಸಾಲಿನ ಅಡಿ ಗೆರೆ ಎಳೆದು, ‘ಯಾವ ಸಂಖ್ಯೆ? ಗಿಡಗಳದ್ದೋ, ಜಾತಿಗಳದ್ದೋ? ಎಷ್ಟರಿಂದ ಎಷ್ಟಕ್ಕೆ?’ ಎಂದು ಅಂಚಿನಲ್ಲಿ ಬರೆದರು. ಲೆಕ್ಕ ಹಾಕಿ ನೋಡಿದಾಗ ಗಿಡಗಳ ಸಂಖ್ಯೆ ಇಳಿದಿತ್ತು, ಜಾತಿಗಳ ಸಂಖ್ಯೆ ಏರಿತ್ತು. ನೀರು ಸರಿದ ಕೆಸರಿನಲ್ಲಿ ಹೊಸ ಸಸ್ಯಗಳು ಮೊಳೆತಿದ್ದವು. ಪ್ರಬಂಧದ ಮುಖ್ಯ ಫಲಿತಾಂಶ ಅಲ್ಲಿಂದಲೇ ಹೊರಟಿತು. ಮೂರು ವರ್ಷದಲ್ಲಿ ಯಾವ ಉತ್ತರಪತ್ರಿಕೆಯ ಅಂಚಿನಲ್ಲೂ ಆಕೆಗೆ ಇಂಥ ಪ್ರಶ್ನೆ ಬಂದಿರಲಿಲ್ಲ.

ಸಲ್ಲಿಕೆಗೆ ಮೊದಲು ಕೃತಿಚೌರ್ಯ ತಪಾಸಣೆ ನಡೆಯಿತು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಆಕೆಯ ಪೀಠಿಕಾ ಅಧ್ಯಾಯ ಅದನ್ನು ಮೀರಿತ್ತು, ಏಕೆಂದರೆ ಬೇರೆಯವರ ವಾಕ್ಯಗಳಲ್ಲಿ ಎರಡು ಪದ ಬದಲಿಸಿದರೆ ಸಾಕೆಂದು ತಿಳಿದಿದ್ದಳು. ಅಧ್ಯಾಯವನ್ನು ಮತ್ತೆ ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಬಹುಪಾಲು ಚೌಕಟ್ಟುಗಳ ಜಾಗವನ್ನು ಹೇಗೆ ಆರಿಸಿದಿರಿ ಎಂಬುದರ ಬಗ್ಗೆ. ಅದಕ್ಕೆ ಆಕೆಯ ಉತ್ತರ ಸಾಧಾರಣವಾಗಿತ್ತು.

ಪದವಿಯ ನಂತರ

ನಾಲ್ಕನೇ ವರ್ಷದಲ್ಲಿ ಶೇ. 70, ಒಟ್ಟು ಶೇ. 74.8. ಸಾಮಾನ್ಯ ಗೆರೆಯ ಕೆಳಗೆ, ವಿನಾಯಿತಿಯ ಗೆರೆಯ ಮೇಲೆ. ಒಬಿಸಿ ಪ್ರಮಾಣಪತ್ರವಿದ್ದ ಕಾರಣ ಪಿಎಚ್.ಡಿ.ಗೆ ಬೇಕಾದ ಅಂಕದ ಅರ್ಹತೆ ಉಳಿಯಿತು. ಅದೇ ತರಗತಿಯಲ್ಲಿ ವಿನಾಯಿತಿಗೆ ಸೇರದ ಇನ್ನೊಬ್ಬ ವಿದ್ಯಾರ್ಥಿ 74ರಲ್ಲಿ ನಿಂತು ಆ ಅರ್ಹತೆಯನ್ನು ಕಳೆದುಕೊಂಡ.

ಒಂದು ವರ್ಷದ ಎಂ.ಎಸ್ಸಿ.ಯನ್ನು ಆಕೆ ಬಯಸಿದ ವಿಶ್ವವಿದ್ಯಾಲಯ ಸಸ್ಯಶಾಸ್ತ್ರದಲ್ಲಿ ಆ ವರ್ಷ ತೆರೆಯಲಿಲ್ಲ. ಆಕೆ ಎರಡು ವರ್ಷದ ಎಂ.ಎಸ್ಸಿ.ಯ ಮೊದಲ ವರ್ಷಕ್ಕೇ ಸೇರಿದಳು. ಮೂರು ವರ್ಷಕ್ಕೆ ಪದವಿ ಮುಗಿಸಿ ಹೋಗಿದ್ದ ಆಕೆಯ ಗೆಳತಿ ಅಲ್ಲಿಯೇ ಎರಡನೇ ವರ್ಷದಲ್ಲಿದ್ದಾಳೆ, ಆಕೆಗೆ ‘ಸೀನಿಯರ್’. ಕಾಲದ ಲೆಕ್ಕದಲ್ಲಿ ಇದು ಒಂದು ವರ್ಷದ ನಷ್ಟವೇ. ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ. ತಂದೆ ಕೇಳಿದ ಪ್ರಶ್ನೆಯ ಅರ್ಧಭಾಗ ಸರಿಯಾಗಿಯೇ ಇತ್ತು.

ಲಾಭದ ಕಡೆಗೆ ಹಾಕಬೇಕಾದದ್ದು ಪದವಿ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಆ ಪ್ರಬಂಧವನ್ನು. ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನ ಸೆಮಿನಾರ್‌ಗಳಲ್ಲಿ ಉಳಿದವರು ತಡವರಿಸುವ ಕಡೆ ಆಕೆಗೆ ದಾರಿ ಗೊತ್ತಿದೆ. ಕೆರೆಯ ಅಂಕಿ-ಅಂಶಗಳಿಗೆ ಇನ್ನೊಂದು ವರ್ಷದ್ದನ್ನು ಸೇರಿಸಿ ಲೇಖನವಾಗಿಸುವ ಯೋಚನೆಯಲ್ಲಿ ಹಳೆಯ ಗೈಡ್ ಮತ್ತು ಆಕೆ ಇದ್ದಾರೆ. ಆ ಸಹ ಪ್ರಾಧ್ಯಾಪಕರು ಸಿಗದೆ, ಆಕೆ ತನ್ನ ಕಾಲೇಜಿನಲ್ಲೇ ಸಂಶೋಧನೆಯಿಲ್ಲದ ಆನರ್ಸ್‌ಗೆ ಸೇರಿದ್ದರೆ, ಈ ಲಾಭ ಇರುತ್ತಿರಲಿಲ್ಲ, ಒಂದು ವರ್ಷದ ನಷ್ಟ ಮಾತ್ರ ಇದ್ದೇ ಇರುತ್ತಿತ್ತು. ಅಂಥ ಸಂದರ್ಭದಲ್ಲಿ ಮೂರು ವರ್ಷಕ್ಕೇ ಪದವಿ ಪಡೆದು ಹೋಗೆಂದು ನಾನು ಹೇಳುತ್ತಿದ್ದೆ. 2022-23 ಮತ್ತು 2023-24ರಲ್ಲಿ ಸೇರಿದ ವಿದ್ಯಾರ್ಥಿಗಳು ಇದೇ ಪ್ರಶ್ನೆ ಹಿಡಿದು ಬಂದಾಗ ನಾನು ಅಂಕಪಟ್ಟಿ ತೋರಿಸಿ ಎನ್ನುವುದಕ್ಕೆ ಮೊದಲು ಕೇಳುವುದು, ನಿಮ್ಮ ಗೈಡ್ ಆಗಲು ಒಪ್ಪಿದವರು ಯಾರು, ಅವರನ್ನು ಕಂಡು ಮಾತಾಡಿದ್ದೀರಾ ಎಂದು. ಹೆಚ್ಚಿನವರು ಅಂಕಪಟ್ಟಿಯನ್ನಷ್ಟೇ ತಂದಿರುತ್ತಾರೆ.